ಮೂರು ನೀರಿನಲ್ಲಿ ತೊಳೆದ ಬೀಜ

ನನ್ನ ಓರಗಿತ್ತಿ ಸತ್ತದ್ದು ನಾನು ಒಂದು ಮಾತು ಹೇಳದೆ ಹೋದದ್ದಕ್ಕೆ. ಊರಿನವರು ಹಣೆಬರಹ ಅನ್ನುತ್ತಾರೆ. ಅನ್ನಲಿ. ನಿನ್ನೆ ಸೊಸೆ ಕಡಲೆಬೀಜ ಹುರಿಯುತ್ತಿದ್ದಳು, ಆ ವಾಸನೆಗೆ ಎಲ್ಲಾ ಮತ್ತೆ ಎದ್ದು ಬಂತು...

ಆ ವರ್ಷ ಕೃಷಿ ವಿಶ್ವವಿದ್ಯಾಲಯದವರು ಹೊಸ ತಳಿಯ ಕಡಲೆಬೀಜ ಕೊಡಲು ಪಾವಗಡಕ್ಕೆ ಬಂದಿದ್ದರು. ಪಹಣಿಗೊಬ್ಬರಂತೆ ತರಬೇತಿಗೆ ಕರೆದರು. ನಮ್ಮ ಹೊಲ ಇನ್ನೂ ಒಟ್ಟಿಗಿತ್ತು. ಗಂಡ ಸತ್ತ ಮೇಲೆ ಪಕ್ಕದ ಕೋಣೆಯಲ್ಲಿ ಬೇರೆ ಒಲೆ ಹೂಡಿದ್ದ ಅವಳಿಗೂ ಹೋಗುವ ಆಸೆ. ನಾನು ಎರಡನೇ ಕ್ಲಾಸು, ಅವಳು ಏಳನೆಯದು. ಅದಕ್ಕೇ ಬೇಡ ಅಂದು ನಾನೇ ಹೋದೆ.

ನಮ್ಮ ಕಡೆ ಬಿತ್ತುವ ಹೆಂಗಸರು ಮಡಿಲಿನ ಬೀಜ ಬಾಯಿಗೂ ಹಾಕಿಕೊಳ್ಳುತ್ತಾರೆ, ಮಿಕ್ಕಿದ್ದು ಸಂಜೆಗೆ ಚಟ್ನಿ. ತರಬೇತಿ ಕೊಟ್ಟ ಮೇಷ್ಟ್ರಿಗೆ ಅದು ಗೊತ್ತಿತ್ತು. "ಅಮ್ಮಾ, ಹುಳ ಹಿಡೀಬಾರ್ದು ಅಂತ ಬೀಜಕ್ಕೆ ಹಚ್ಚಿರೋ ಈ ಕೆಂಪು ಬಣ್ಣ ವಿಷ. ತೊಳೆದ್ರೂ ಹೋಗಲ್ಲ. ಮನೆಯೋರಿಗೆಲ್ಲ ಹೇಳಿ," ಎಂದು ಎರಡು ಸಲ ಹೇಳಿದರು. ಅಚ್ಚು ಹಾಕಿದ ಹಾಳೆಯನ್ನೂ ಕೊಟ್ಟರು. ಅದನ್ನು ಪೆಟ್ಟಿಗೆಯ ತಳಕ್ಕೆ ಹಾಕಿದೆ.

ಅವಳ ಪಾಲಿನ ಅರ್ಧ ಬೀಜ ಅಳೆದುಕೊಟ್ಟಾಗ ಕೇಳಿದಳು, "ಏನ್ ಹೇಳಿದ್ರಕ್ಕ ಅಲ್ಲಿ?"

"ಅನ್ನ ಸಾರು ಹಾಕಿದ್ರು ಕಣೇ, ಉಂಡೆ. ಓದ್ದೋಳು ನೀನು, ನನ್ಯಾಕೆ ಕೇಳ್ತೀಯ?"

ಬಿತ್ತನೆ ಮುಗಿಸಿ ಬಂದವಳು ಮಿಕ್ಕ ಬೀಜವನ್ನು ಬಚ್ಚಲಲ್ಲಿ ಮೂರು ನೀರಿನಲ್ಲಿ ತೊಳೆದಳು. "ಬಣ್ಣವೆಲ್ಲ ಹೋಯ್ತು ನೋಡಕ್ಕ. ನಿಂಗೂ ಒಂದಿಷ್ಟು ಚಟ್ನಿ ಕೊಡ್ಲಾ?"

"ನಂಗ್ ಬ್ಯಾಡ. ನೀನೇ ತಿನ್ನು ಹೋಗು."

ಒಂದು ಸಲ ವಾಂತಿಯಾಗಲಿ, ಓದಿದ ಸೊಕ್ಕು ಇಳಿಯಲಿ ಅಂದುಕೊಂಡಿದ್ದೆ. ಸಾಯಲಿ ಅಂದುಕೊಂಡಿರಲಿಲ್ಲ. ಅದರಿಂದೇನು...

ದೀಪ ಹಚ್ಚುವ ಹೊತ್ತಿಗೆ ಅವಳ ಬಾಯಲ್ಲಿ ನೊರೆ. ಆಟೋ ಪಾವಗಡ ಮುಟ್ಟುವಷ್ಟರಲ್ಲಿ ನನ್ನ ತೊಡೆಯ ಮೇಲಿದ್ದ ತಲೆ ಭಾರವಾಯಿತು. ಏನು ತಿಂದಿದ್ದಳು ಎಂದು ಡಾಕ್ಟರು ಕೇಳಿದರು. ಗೊತ್ತಿಲ್ಲ ಅಂದೆ.

ಅವಳು ಬಿತ್ತಿದ ಹೊಲದ ಮೇಲೆ ಈಗ ಸೋಲಾರ್ ಹಲಗೆಗಳಿವೆ. ಜಗಳಕ್ಕೂ ಅಂಥವಳು ಇನ್ನೊಬ್ಬಳು ನನಗೆ ಸಿಗಲಿಲ್ಲ.

ಅವಳನ್ನು ಮಣ್ಣು ಮಾಡಿದ ಮಾರನೇ ಬೆಳಿಗ್ಗೆ, ಸೂತಕ ಅಂದರೂ ಕೇಳದೆ, ಹದ ಆರುತ್ತದೆಂದು ನನ್ನ ಪಾಲು ಬಿತ್ತಲು ಕೂಲಿಯವರನ್ನು ಕರೆದೆ. ಒಬ್ಬೊಬ್ಬಳ ಮಡಿಲಿಗೂ ಬೀಜ ಸುರಿಯುತ್ತಾ ಹೇಳಿದೆ, "ಬಾಯಿಗಾಕ್ಕೋಬ್ಯಾಡ್ರೇ, ಇಸ ಐತೆ. ತೊಳುದ್ರೂ ಹೋಗಲ್ಲ."

"ನಿಂಗೆಂಗ್ ಗೊತ್ತಕ್ಕ?" ಎಂದಳು ಒಬ್ಬಳು.

"ಯೂನಿವರ್ಸಿಟಿಯೋರು ಹೇಳವ್ರೆ," ಅಂದೆ. ಸಾಲು ಹಿಡಿದೆವು.