ಅಕ್ಕನ ಹುಲ್ಲು, ತಂಗಿಯ ಟೇಪು

ಬೆಳಗಿನ ಆರು ಗಂಟೆ. ಹಳ್ಳದ ದಂಡೆಯ ಮೊಣಕಾಲೆತ್ತರದ ಹುಲ್ಲಿನಲ್ಲಿ ಗಂಬೂಟು ಹಾಕಿಕೊಂಡ ಹೆಂಗಸೊಬ್ಬರು ಗೂಟ ನೆಡುತ್ತಿದ್ದಾರೆ. ಹೆಗಲಲ್ಲಿ ಬಟ್ಟೆಯ ಟೇಪಿನ ಸುರುಳಿ, ಕಿವಿಯ ಸಂದಿಯಲ್ಲಿ ಪೆನ್ನು. ಸುತ್ತಲಿನ ಹಳ್ಳಿಗಳಲ್ಲಿ ಇವರನ್ನು ಹೆಸರು ಹಿಡಿದು ಕರೆಯುವವರಿಲ್ಲ. ಎಲ್ಲರಿಗೂ ಇವರು ‘ಟೇಪಕ್ಕ’.

ಹಳ್ಳದ ಪಕ್ಕದ ಹತ್ತು ಮೀಟರು ಅಗಲದ ನೆಲವನ್ನು ಉಳದೆ, ದನ ಮೇಯಿಸದೆ ಬಿಟ್ಟರೆ ಸರ್ಕಾರ ಸಹಾಯಧನ ಕೊಡುತ್ತದೆ. ಹುಲ್ಲಿನ ಬೇರು ಮಣ್ಣು ಹಿಡಿಯುತ್ತದೆ, ನೀರು ತಿಳಿಯಾಗುತ್ತದೆ ಎಂಬ ನಂಬಿಕೆ. ನಿಜಕ್ಕೂ ಬಿಟ್ಟಿದ್ದಾರೋ ಇಲ್ಲವೋ ಎಂದು ಅಳೆದು ಬರೆಯುವುದು ಟೇಪಕ್ಕನ ಕೆಲಸ. ಹದಿನಾಲ್ಕು ವರ್ಷದ ನೌಕರಿ, ನಲವತ್ತಮೂರು ಹೊಲ, ದಿನಕ್ಕೆ ಎಂಟು ಕಿಲೋಮೀಟರು ನಡಿಗೆ. ಮುಳ್ಳು, ಹಾವು, ಅಟ್ಟಿಸಿಕೊಂಡು ಬರುವ ಹೋರಿ ಇವೆಲ್ಲ ಸಂಬಳದ ಜೊತೆಗೆ ಪುಕ್ಕಟೆ.

“ದುಡಿದು ಗಳಿಸಿದ್ರೆ ನನಗೇನೂ ಅನ್ಸಲ್ಲ. ಇದು ಹುಲ್ಲುಕಡ್ಡಿ ಎತ್ತಿ ಆಚೆ ಇಡದೇ ಇದ್ದಿದ್ದಕ್ಕೆ ಕೊಡೋ ದುಡ್ಡು. ಹೊಟ್ಟೆ ಉರಿಯಲ್ವಾ?” ಎನ್ನುತ್ತಾರೆ.

ಊರಿಗೆಲ್ಲ ಅಕ್ಕನಾದ ಇವರಿಗೂ ಒಬ್ಬ ಅಕ್ಕ ಇದ್ದಾರೆ. ನಲವತ್ತಮೂರನೆಯ ಹೊಲ ಅವರದು. ಅಪ್ಪ ಪಾಲು ಮಾಡಿದಾಗ ಹಳ್ಳದ ಹೊಲ ಅಕ್ಕನಿಗೆ ಹೋಯಿತು, ಗುಡ್ಡದ ಕಲ್ಲು ಹೊಲ ಇವರಿಗೆ ಬಂತು. “ನಾನು ಕಳೆ ಕಿತ್ತೂ ಕಿತ್ತೂ ಬೆನ್ನು ಬಗ್ಗಿಹೋಯ್ತು. ಅವಳು ಕಳೆ ಬೆಳೆಸಿ ಚೆಕ್ಕು ತಗೋತಾಳೆ. ಎಲ್ಲಾ ಸರಿ ಇದೆ ಅಂತ ನಾನೇ ಹೋಗಿ ಬರೆದುಕೊಡಬೇಕು.”

ಹೊಟ್ಟೆಕಿಚ್ಚನ್ನು ಇಷ್ಟು ಸಲೀಸಾಗಿ ಒಪ್ಪಿಕೊಂಡವರನ್ನು ನಾನು ಕಂಡಿರಲಿಲ್ಲ. ನಮ್ಮ ಪತ್ರಿಕೆಯಲ್ಲಿ ನನಗಿಂತ ಮೊದಲು ಮುಖಪುಟ ಹಿಡಿದ ಸಹೋದ್ಯೋಗಿಯ ಬಗ್ಗೆ ನಾನು ಇವತ್ತಿಗೂ ‘ತುಂಬಾ ಸಂತೋಷ’ ಎಂದೇ ಹೇಳುತ್ತೇನೆ.

ಟೇಪಕ್ಕನ ಟೇಪಿನ ಮೊದಲ ಮೀಟರನ್ನು ಯಾವತ್ತೋ ಒಂದು ಕರು ಅಗಿದುಹಾಕಿದೆ. ಹಾಗಾಗಿ ಒಂದರ ಗುರುತಿನಿಂದ ಅಳತೆ ಶುರು, ಬಂದದ್ದರಲ್ಲಿ ಒಂದು ಕಳೆಯಬೇಕು. ಹೊಸ ಟೇಪಿನ ಅರ್ಜಿ ಐದು ವರ್ಷದಿಂದ ಕಚೇರಿಯಲ್ಲಿ ಮಲಗಿದೆ. ಹೋದ ವರ್ಷ ನಲವತ್ತೆರಡು ಹೊಲಗಳಲ್ಲಿ ಒಂದೊಂದೇ ಸಲ ಕಳೆದರು. ಅಕ್ಕನ ಹೊಲದಲ್ಲಿ ಮಾತ್ರ, ಒಂದು ಕಳೆದು ‘ಹತ್ತು’ ಎಂದು ಪುಸ್ತಕದಲ್ಲಿ ಬರೆದುಕೊಂಡವರು ಮನೆಗೆ ಬಂದು ಫಾರಂ ತುಂಬುವಾಗ ಇನ್ನೊಂದು ಸಲ ಕಳೆದರು. ಒಂಬತ್ತಾಯಿತು. ಅಕ್ಕನ ಸಹಾಯಧನ ನಿಂತುಹೋಯಿತು.

“ತಿಂಗಳ ಮೇಲೆ ಪುಸ್ತಕ ತೆಗೆದಾಗ ಗೊತ್ತಾಯ್ತು. ಕೈ ಮಾಡಿದ ತಪ್ಪಲ್ಲ ಅದು, ಹೊಟ್ಟೆ ಮಾಡಿದ್ದು.”

ಮರುದಿನವೇ ಸಾಹೇಬರ ಮುಂದೆ ನಿಂತು ಇವರೇ ಹೇಳಿದರು. ಅಕ್ಕನಿಗೆ ಹಣ ಬಂತು. ಆದರೆ ಅಕ್ಕ ಮಾತು ಬಿಟ್ಟರು. ಇನ್ನೊಂದು ಸಲ ತಪ್ಪಿದರೆ ಟೇಪು ಬೇರೆಯವರ ಕೈಗೆ ಹೋಗುತ್ತದೆ ಎಂದು ಸಾಹೇಬರು ಎಚ್ಚರಿಸಿದ್ದಾರೆ. ಆ ಒಂದು ಹೊಲಕ್ಕೆ ಬೇರೆಯವರನ್ನು ಕಳಿಸುತ್ತೇನೆ ಎಂದರೂ ಟೇಪಕ್ಕ ಒಪ್ಪಿಲ್ಲ.

ಇವತ್ತು ಅಳೆಯುತ್ತಿರುವುದು ಅದೇ ಹೊಲ. ಹಾಲಿನ ಕ್ಯಾನು ಹಿಡಿದ ಹೆಂಗಸೊಬ್ಬರು ಬದುವಿನ ಮೇಲೆ ಬಂದು ನಿಲ್ಲುತ್ತಾರೆ. ಅದೇ ಮೂಗು, ಅದೇ ಹುಬ್ಬು. ಅಕ್ಕ ಎಂದು ಯಾರೂ ಹೇಳಬೇಕಿಲ್ಲ. ಕ್ಯಾನು ಕೆಳಗಿಟ್ಟು, ಟೇಪಿನ ತುದಿ ಕಿತ್ತುಕೊಂಡು, ನೀರಿನಂಚಿನಲ್ಲಿ ಕುಕ್ಕರಗಾಲಲ್ಲಿ ಕೂರುತ್ತಾರೆ.

“ಒಂದರ ಗುರುತು ಹಿಡಿದಿದ್ದೀನಿ. ಎಳಿ.”

ವರ್ಷದ ಮೇಲೆ ಬಂದ ಮೊದಲ ಮಾತು ಇದು. ಟೇಪಕ್ಕ ಗೂಟದವರೆಗೂ ಎಳೆದು, ಬಗ್ಗಿ ನೋಡುತ್ತಾರೆ. ನೆಟ್ಟಗಾಗಲು ಸ್ವಲ್ಪ ಹೊತ್ತು ಹಿಡಿಯುತ್ತದೆ.

“ಹನ್ನೊಂದು, ಅಕ್ಕ.”

“ಕಳಿ. ಒಂದೇ ಸಲ ಕಣೇ.”

ಫಾರಂ ಮನೆಗೆ ಹೋಗುವುದಿಲ್ಲ. ಅಕ್ಕನ ಎದುರಿಗೇ, ತೊಡೆಯ ಮೇಲಿಟ್ಟುಕೊಂಡು ತುಂಬುತ್ತಾರೆ. ಹತ್ತು.

ಅಕ್ಕ ಕ್ಯಾನು ಎತ್ತಿಕೊಂಡು ಹೋದ ಮೇಲೆ, ಹೊಟ್ಟೆಕಿಚ್ಚು ಆರಿತೇ ಎಂದು ಕೇಳುತ್ತೇನೆ. ಟೇಪು ಸುತ್ತುತ್ತಿದ್ದ ಕೈ ನಿಲ್ಲುವುದಿಲ್ಲ.

“ಎಲ್ಲಿ ಆರುತ್ತೆ? ಈ ಹುಲ್ಲು ನೋಡಿದಾಗೆಲ್ಲ ಉರಿಯುತ್ತೆ. ಉರೀಲಿ ಬಿಡಿ. ಆದ್ರೆ ಫಾರಂ ಬರೆಯೋವಾಗ ಪೆನ್ನು ಅದರ ಕೈಗೆ ಕೊಡಲ್ಲ.”