ಆಂಟಿ ಆರಿಸಿಕೊಟ್ಟ ಕೋವಿ

ಕಳೆದ ವಾರ ಆಸ್ಟಿನ್‌ನಿಂದ ಒಂದು ಶೂ ಡಬ್ಬಿ ಪಾರ್ಸೆಲ್ಲಿನಲ್ಲಿ ಬಂತು. ಟೇಪು ಕಿತ್ತು ಮುಚ್ಚಳ ತೆಗೆದದ್ದೇ ತಡ, ಡಲ್ಲಾಸ್ ಪಕ್ಕದ ಯೂಲೆಸ್‌ನ ನಮ್ಮ ಅಡಿಗೆಮನೆ ತುಂಬ ಬಂದೂಕಿಗೆ ಹಾಕುವ ಎಣ್ಣೆಯ ವಾಸನೆ. ಅದರ ಹಿಂದೆಯೇ ಸಣ್ಣಗೆ ಕೊಬ್ಬರಿ ಎಣ್ಣೆಯ ವಾಸನೆ. ನನಗೆ ಗೊತ್ತಿರುವಂತೆ ಇವೆರಡೂ ಒಟ್ಟಿಗೆ ಬರುತ್ತಿದ್ದದ್ದು ಒಬ್ಬರ ಕೈಯಿಂದ ಮಾತ್ರ. ತಲೆಗೆ ಹಚ್ಚಿಕೊಂಡು ಉಳಿದದ್ದನ್ನು ಕೋವಿಯ ಮರದ ಬುಡಕ್ಕೂ ಸವರಿಬಿಡುತ್ತಿದ್ದ ಕೊಡಗಿನ ಆಂಟಿ ಅವರು.

ಡಬ್ಬಿಯೊಳಗೆ ಹಲ್ಲುಜ್ಜುವ ಹಳೆಯ ಬ್ರಷ್ಷು, ಹತ್ತಿ ಸೀರೆಯ ಒಂದು ತುಂಡು, ಅರ್ಧ ಖಾಲಿಯಾದ ಎಣ್ಣೆಯ ಬಾಟಲಿ. ಎಲ್ಲದರ ತಳದಲ್ಲಿ ಇಸ್ತ್ರಿ ಮಾಡಿದಂತೆ ಮಡಿಸಿಟ್ಟ ಎರಡು ಕಂದು ಬಣ್ಣದ ಕಾಗದದ ಚೀಲ. ಆಂಟಿಯ ಮಗಳು ಇಂಗ್ಲಿಷಿನಲ್ಲಿ ಒಂದು ಚೀಟಿ ಬರೆದಿದ್ದಳು. ಡಬ್ಬಿಯ ಮೇಲೆ ಅಮ್ಮ ನಿಮ್ಮ ಹೆಸರು ಬರೆದಿಟ್ಟಿದ್ದಳು, ಬ್ರಷ್ಷು ಎಣ್ಣೆ ಯಾಕೆಂದು ಅರ್ಥವಾಯಿತು, ಈ ಖಾಲಿ ಚೀಲ ಯಾಕೋ ತಿಳಿಯಲಿಲ್ಲ, ಎಸೆದುಬಿಡಿ ಎಂದು. ಎಸೆಯುವುದಿಲ್ಲ ಎಂದಷ್ಟೇ ಅವಳಿಗೆ ಮೆಸೇಜ್ ಮಾಡಿದೆ. ಮಿಕ್ಕದ್ದನ್ನು ಅಷ್ಟು ಚಿಕ್ಕ ಮೆಸೇಜಿನಲ್ಲಿ ಹೇಳುವುದಾದರೂ ಹೇಗೆ...

ಆಗ ನಾವು ಹ್ಯೂಸ್ಟನ್ ಪಕ್ಕದ ಕೇಟಿಯಲ್ಲಿದ್ದೆವು. ಆಂಟಿಯದು ಎದುರು ಮನೆ. ಎಂಜಿನಿಯರಾಗಿದ್ದ ಅಂಕಲ್ ತೀರಿಕೊಂಡು ಬಹಳ ವರ್ಷಗಳಾಗಿದ್ದವು, ಒಬ್ಬಳೇ ಮಗಳು ಆಸ್ಟಿನ್‌ನಲ್ಲಿದ್ದಳು. ಎಪ್ಪತ್ತರ ಹತ್ತಿರದ ವಯಸ್ಸು, ಕಡ್ಡಿಯಂಥ ಮೈಕಟ್ಟು, ಜೀನ್ಸು, ಬಿಳಿ ಶೂ, ನಿಂಬೆಹಣ್ಣಿನಷ್ಟು ಪುಟ್ಟ ತುರುಬು. ಕನ್ನಡ ಸಂಘದ ಪಾಟ್‌ಲಕ್‌ಗೆ ನಾವೆಲ್ಲ ಬಿಸಿಬೇಳೆ ಭಾತ್ ಹೊತ್ತುಕೊಂಡು ಹೋದರೆ ಅವರು ಅಕ್ಕಿತರಿಯ ಉಂಡೆ ಕಡಂಬಿಟ್ಟು ತರುತ್ತಿದ್ದರು. ಅದರ ಜೊತೆಯ ಹಂದಿಮಾಂಸದ ಪಂದಿ ಕರಿಯನ್ನು ಮಾತ್ರ ಕಾರಿನಲ್ಲೇ ಬಿಟ್ಟು ಬರುತ್ತಿದ್ದರು. ಊಟದ ಮಧ್ಯೆ ಒಬ್ಬೊಬ್ಬರೇ ಫೋನ್ ಬಂದವರಂತೆ ನಟಿಸುತ್ತ ಪಾರ್ಕಿಂಗ್ ಕಡೆ ನಡೆಯುತ್ತಿದ್ದರು. ಯಾರ್ಯಾರು ಹೋದರೆಂದು ಆಂಟಿ ಯಾರಿಗೂ ಬಾಯಿಬಿಟ್ಟವರಲ್ಲ.

ಶನಿವಾರ ಬೆಳಿಗ್ಗೆ ಕೋವಿಯ ಚೀಲ ಹೆಗಲಿಗೇರಿಸಿಕೊಂಡು ಶೂಟಿಂಗ್ ರೇಂಜಿಗೆ ಹೊರಡುತ್ತಿದ್ದರು. ಗಾಳಿಯಲ್ಲಿ ಹಾರುವ ಮಣ್ಣಿನ ಬಿಲ್ಲೆಗಳನ್ನು ಹೊಡೆದು ಉದುರಿಸಿ, ವಾಪಸ್ ಬರುವಾಗ ಕೊತ್ತಂಬರಿ ಸೊಪ್ಪು ತರುತ್ತಿದ್ದರು. ಬಂದೂಕು, ಗನ್ನು ಎಂಬ ಮಾತು ಅವರ ಬಾಯಲ್ಲಿ ಬರುತ್ತಿದ್ದದ್ದು ಕಡಿಮೆ. ಅವರ ಪಾಲಿಗೆ ಎಲ್ಲವೂ ಕೋವಿಯೇ.

ಮೂವತ್ತಾರನೆಯ ವಯಸ್ಸಿನಲ್ಲಿ ನಾನು ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ ಬಿಟ್ಟು ಪೊಲೀಸ್ ಅಕಾಡೆಮಿ ಸೇರಿದೆ. ಕಾರಣ ಸಣ್ಣದು. ನಮ್ಮ ಬೀದಿಯಲ್ಲಿ, ಊರಿನಿಂದ ಮಗನ ಮನೆಗೆ ಬಂದಿದ್ದ ಒಬ್ಬರು ಅಜ್ಜಿ ವಾಕಿಂಗ್ ಹೋಗಿ ದಾರಿ ತಪ್ಪಿದ್ದರು. ಪೊಲೀಸರ ಮುಂದೆ ಅಳುತ್ತ ನಿಂತಿದ್ದ ಅವರನ್ನು ನಾನು ಕನ್ನಡದಲ್ಲಿ ಮಾತಾಡಿಸಿ ಮನೆ ಸೇರಿಸಿದೆ. ಅಲ್ಲಿದ್ದ ಆಫೀಸರ್, ನಿನ್ನಂಥವರು ನಮ್ಮಲ್ಲಿ ಬೇಕು ಎಂದರು. ತಮಾಷೆಗೇ ಅಂದಿರಬೇಕು. ನನಗೆ ಮಾತ್ರ ಆ ಮಾತು ಅಂಟಿಕೊಂಡುಬಿಟ್ಟಿತು. ಮೈಸೂರಿನಿಂದ ಅಮ್ಮ ಫೋನಿನಲ್ಲಿ, "ಅಮೆರಿಕಾ ತನಕ ಹೋಗಿ ಕಾನ್‌ಸ್ಟೇಬಲ್ ಆಗ್ತೀಯೇನೇ?" ಎಂದು ಕೇಳಿ, ನಾನು ಹೂಂ ಅಂದಮೇಲೆ ಎರಡು ದಿನ ಮಾತಾಡಲಿಲ್ಲ.

ಅಕಾಡೆಮಿಯವರು ಕೊಟ್ಟ ಪಟ್ಟಿಯಲ್ಲಿ ಬೂಟು, ಬೆಲ್ಟಿನ ಜೊತೆಗೆ ಸ್ವಂತದ ಒಂದು ಪಿಸ್ತೂಲು, ಒಂದು ಶಾಟ್‌ಗನ್ ಬೇಕೆಂದಿತ್ತು. ಅಲ್ಲಿಯವರೆಗೆ ನಾನು ಹಿಡಿದ ದೊಡ್ಡ ಆಯುಧವೆಂದರೆ ಈಳಿಗೆಮಣೆ. ಮನೆಗೆ ಒಂದೇ ಸಂಬಳ ಉಳಿದಿತ್ತು, ಆದ್ದರಿಂದ ಅಗ್ಗದ್ದೇ ಆಗಬೇಕು. ನನ್ನ ಗಂಡ ನಮ್ಮ ಜನ ಮಾಡುವ ಕೆಲಸವನ್ನೇ ಮಾಡಿದ. ಎಕ್ಸೆಲ್ ಶೀಟ್ ತೆರೆದು ಬೆಲೆ, ತೂಕ, ರಿವ್ಯೂ, ವಾರಂಟಿ ಎಂದು ಹದಿನಾಲ್ಕು ಕಾಲಂ ಹಾಕಿದ. ಹಸಿರು ಬಣ್ಣ ಬಳಿದ ಸಾಲು ಕೊಳ್ಳಬೇಕಾದ್ದು, ಕೆಂಪು ಬಳಿದದ್ದು ಬೇಡವಾದ್ದು. ಮನೆ, ಕಾರು, ಮಿಕ್ಸರ್ ಎಲ್ಲವನ್ನೂ ನಾವು ಹೀಗೆಯೇ ಕೊಂಡಿದ್ದೆವು.

ಕಾಫಿಗೆಂದು ಬಂದ ಆಂಟಿ ಕನ್ನಡಕ ಏರಿಸಿ ಲ್ಯಾಪ್‌ಟಾಪ್ ನೋಡಿದರು. ಮೇಲಿಂದ ಕೆಳಗೆ ಓದಿ, ನನ್ನ ಗಂಡನನ್ನು ಕೇಳಿದರು: "ಇದ್ರಲ್ಲಿ ಇವಳ ಕೈ ಎಲ್ಲಿದೆ?"

"ಕೈ ಅಂದ್ರೆ, ಆಂಟಿ?"

"ಇವಳ ಕೈ ಅಳತೆಗೆ ಒಂದು ಕಾಲಂ ಇಲ್ವಲ್ಲಪ್ಪ. ಕೋವಿ ಹಿಡಿಯೋಳು ಇವಳೋ, ನಿನ್ನ ಕಂಪ್ಯೂಟರೋ?"

ಆ ಶನಿವಾರ ಅವರು ರೇಂಜಿಗೆ ಹೋಗಲಿಲ್ಲ. ನನ್ನನ್ನು ಕಾರಿನಲ್ಲಿ ಕೂರಿಸಿಕೊಂಡು ಹ್ಯೂಸ್ಟನ್ನಿನ ಮೂರು ಅಂಗಡಿ ಸುತ್ತಿಸಿದರು. ಮೊದಲನೆಯ ಅಂಗಡಿಯವನು ನನ್ನನ್ನು ನೋಡಿದವನೇ ಗುಲಾಬಿ ಬಣ್ಣದ ಪುಟ್ಟ ಪಿಸ್ತೂಲೊಂದನ್ನು ಗಾಜಿನ ಮೇಲಿಟ್ಟು, ಹೆಂಗಸರಿಗೆಂದೇ ಮಾಡಿದ್ದು ಎಂದ. ಎಷ್ಟು ಮುದ್ದಾಗಿತ್ತೆಂದರೆ ನಾನು ಕೈ ಚಾಚಿಯೇಬಿಟ್ಟೆ. ಆಂಟಿ ನನ್ನ ಕೈಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, "ಸಣ್ಣದು ಹಾರಿಸಿದಾಗ ಜಾಸ್ತಿ ಒದೆಯುತ್ತೆ, ತೂಕ ಇದ್ದದ್ದು ಒದೆತಾನ ತಾನೇ ನುಂಗಿಕೊಳ್ಳುತ್ತೆ" ಎಂದರು. ಅಂಗಡಿಯವನಿಗೆ ಇಂಗ್ಲಿಷಿನಲ್ಲಿ ಥ್ಯಾಂಕ್ಸ್ ಹೇಳಿ, ಇದನ್ನು ನಿನ್ನ ಮೊಮ್ಮಗಳ ಗೊಂಬೆಗೆ ಕೊಡು ಎಂದು ನಗುನಗುತ್ತಲೇ ಸೇರಿಸಿದರು. ಅವನ ಮುಖ ಹುಳ್ಳಗಾಯಿತು.

ಎರಡನೆಯ ಅಂಗಡಿಯಲ್ಲಿ ಪಿಸ್ತೂಲು ಸಿಕ್ಕಿತು. ಪೊಲೀಸ್ ಇಲಾಖೆಗಳು ಹೊಸದನ್ನು ಕೊಳ್ಳುವಾಗ ಹಳೆಯದನ್ನು ಅಂಗಡಿಗೆ ವಾಪಸ್ ಕೊಡುತ್ತವಂತೆ. ಹೊರಗೆ ಸೊಂಟದ ಚೀಲಕ್ಕೆ ತಿಕ್ಕಿ ತಿಕ್ಕಿ ಬಣ್ಣ ಹೋಗಿರುತ್ತದೆ, ಹಾರಿಸಿದ್ದು ಮಾತ್ರ ವರ್ಷಕ್ಕೆ ಒಂದೆರಡು ಸಲ. ಆಂಟಿ ಅಂಥ ಆರು ಪಿಸ್ತೂಲುಗಳನ್ನು ಸಾಲಾಗಿ ಇಡಿಸಿದರು. ಮಾರ್ಕೆಟ್ಟಿನಲ್ಲಿ ಬೆಂಡೆಕಾಯಿಯ ತುದಿ ಮುರಿದು ನೋಡುವವರ ಹಾಗೆ ಒಂದೊಂದನ್ನೂ ಎಳೆದು, ಬಿಟ್ಟು, ಟಾರ್ಚು ಹಾಕಿ ಒಳಗೆ ಇಣುಕಿದರು. ನಾಲ್ಕನೆಯದನ್ನು ನನ್ನ ಕೈಗಿಟ್ಟು ಕಣ್ಣು ಮುಚ್ಚಿಸಿ, ಗೋಡೆಯ ಮೇಲಿನ ಜಿಂಕೆಯ ಚಿತ್ರದ ಕಡೆ ಎತ್ತಲು ಹೇಳಿದರು. ಕಣ್ಣು ತೆರೆದಾಗ ಗುರಿ ಸರಿಯಾಗಿ ಜಿಂಕೆಯ ಭುಜದ ಮೇಲಿತ್ತು. "ಇದು ನಿನ್ನ ಕೈ ಮಾತು ಕೇಳುತ್ತೆ" ಎಂದರು. ನನ್ನ ಗಂಡನ ಶೀಟಿನಲ್ಲಿ ಅದು ಕೆಂಪು ಸಾಲು.

ಶಾಟ್‌ಗನ್ ಮೂರನೆಯ ಅಂಗಡಿಯ ಮೂಲೆಯಲ್ಲಿ ಧೂಳು ಹಿಡಿದು ನಿಂತಿತ್ತು. ಅದರ ಹಿಂದಿನ ಒಡೆಯ ಯಾರೋ ನನ್ನಂತೆಯೇ ಕುಳ್ಳನಿರಬೇಕು, ಮರದ ಬುಡವನ್ನು ಎರಡು ಬೆರಳಗಲದಷ್ಟು ಕತ್ತರಿಸಿ ರಬ್ಬರ್ ಕೂರಿಸಿದ್ದ. ಹಾಗೆ ಕತ್ತರಿಸಿದ್ದಕ್ಕೇ ಯಾರಿಗೂ ಬೇಡವಾಗಿ ಅಗ್ಗವಾಗಿತ್ತು. ಆಂಟಿ ಬುಡವನ್ನು ನನ್ನ ಮೊಣಕೈಯ ಮಡಿಕೆಗೆ ಒತ್ತಿ ಹಿಡಿದು, ಬೆರಳು ಗುಂಡು ಹಾರಿಸುವ ಕುದುರೆಗೆ ಸಲೀಸಾಗಿ ಮುಟ್ಟುತ್ತದೆಯೇ ಎಂದು ನೋಡಿದರು. ಮುಟ್ಟಿತು. ನನಗಿಂತ ಹೆಚ್ಚು ಖುಷಿಪಟ್ಟವರು ಅವರೇ.

ಅಲ್ಲಿಂದ ಊಟಕ್ಕೆ ಹೋದದ್ದು ನಮ್ಮವರ ಅಂಗಡಿ, ಹೋಟೆಲುಗಳೇ ತುಂಬಿರುವ ಮಹಾತ್ಮ ಗಾಂಧಿ ಡಿಸ್ಟ್ರಿಕ್ಟಿಗೆ. ಡಿಕ್ಕಿಯಲ್ಲಿ ಎರಡು ಕೋವಿ ಬೀಗ ಹಾಕಿಟ್ಟು ಗಾಂಧಿ ಹೆಸರಿನ ಜಾಗದಲ್ಲಿ ದೋಸೆ ತಿಂದೆವು. "ಗಾಂಧೀಜಿಗೆ ಮಾತ್ರ ಹೇಳ್ಬೇಡ" ಎಂದು ಆಂಟಿ ಪಿಸುಗುಟ್ಟಿದಾಗ ನನಗೆ ಕಾಫಿ ನೆತ್ತಿಗೇರಿತು. ತಮ್ಮ ಊರಿನ ಪದ್ಧತಿಯನ್ನು ಅವರು ಹೇಳಿದ್ದು ಆ ಊಟದಲ್ಲೇ. ಮನೆಯಲ್ಲಿ ಗಂಡುಮಗು ಹುಟ್ಟಿದರೆ ಆಕಾಶಕ್ಕೆ ಒಂದು ಗುಂಡು. ಯಾರಾದರೂ ತೀರಿಕೊಂಡರೆ ಒಂದರ ಹಿಂದೊಂದು ಎರಡು ಗುಂಡು. ಎರಡು ಕೇಳಿಸಿತೆಂದರೆ ಅಕ್ಕಪಕ್ಕದವರು ಮಾಡುತ್ತಿದ್ದ ಕೆಲಸ ಬಿಟ್ಟು ಓಡಿಬರುತ್ತಾರೆ, ಹೇಳಿ ಕಳಿಸಬೇಕಾಗಿಲ್ಲ.

"ನೀವು ಹುಟ್ಟಿದಾಗ, ಆಂಟಿ?"

"ನಾನು ಹೆಣ್ಣಲ್ವಾ, ಗುಂಡು ಉಳೀತು" ಎಂದು ನಕ್ಕು, ಇನ್ನೊಂದು ವಡೆ ಹೇಳಿದರು.

ಪಿಸ್ತೂಲು ನನಗೆ ಬೇಗ ಒಲಿಯಿತು. ಶಾಟ್‌ಗನ್ ಒಲಿಯಲಿಲ್ಲ. ಭುಜ ನೇರಳೆಹಣ್ಣಿನ ಬಣ್ಣಕ್ಕೆ ತಿರುಗಿತು. ಗುಂಡು ಹಾರುವ ಮೊದಲೇ ಕಣ್ಣು ಮುಚ್ಚಿಕೊಳ್ಳುತ್ತಿತ್ತು. ಪರೀಕ್ಷೆಯ ಮೊದಲ ಸುತ್ತಿನಲ್ಲಿ ನಪಾಸಾದೆ. ಉಳಿದದ್ದು ಇನ್ನೊಂದೇ ಅವಕಾಶ. ಅದೂ ಹೋದರೆ ಅಕಾಡೆಮಿಯಿಂದಲೇ ಹೊರಗೆ, ಬಿಟ್ಟು ಬಂದ ಕೆಲಸವೂ ಇಲ್ಲ, ಅಮ್ಮನಿಗೆ ಹೇಳಲು ಮುಖವೂ ಇಲ್ಲ.

ಎರಡನೆಯ ಪರೀಕ್ಷೆಯ ಹಿಂದಿನ ದಿನ ಆಯುಧಪೂಜೆ ಬಂತು. ಕಾರಿಗೆ, ಲ್ಯಾಪ್‌ಟಾಪಿಗೆ, ಈಳಿಗೆಮಣೆಗೆ ಪೂಜೆ ಮಾಡುವವಳು ಇದ್ದ ಆಯುಧವನ್ನು ಬಿಡುವುದುಂಟೇ? ಒಳಗೆ ಗುಂಡಿಲ್ಲವೆಂದು ಕಾಣುವ ಹಾಗೆ ಬಂದೂಕಿನ ಗುಂಡು ತುಂಬುವ ಬಾಯಿಯನ್ನು ಯಾವಾಗಲೂ ತೆರೆದೇ ಇಡಬೇಕೆಂಬುದು ಅಕಾಡೆಮಿಯ ನಿಯಮ. ನಿಯಮ ಪಾಲಿಸಿ ಬಾಯಿ ತೆರೆದೇ ಇಟ್ಟೆ. ಭಕ್ತಿಯಿಂದ ಅರಿಶಿನ ಕುಂಕುಮ ಹಚ್ಚಿ, ನಾಳೆ ಮಾನ ಕಾಪಾಡು ತಾಯೀ ಎಂದು ಬೇಡಿಕೊಂಡು, ಒಂದು ಹಿಡಿ ಅಕ್ಷತೆ ಹಾಕಿದೆ.

ಮರುದಿನ ಬೆಳಿಗ್ಗೆ ಸಾಲಾಗಿ ನಿಲ್ಲಿಸಿ ಬಂದೂಕು ತಪಾಸಣೆ. ನಮ್ಮ ಶಿಕ್ಷಕರು ಆರೂವರೆ ಅಡಿಯ ಟೆಕ್ಸಾಸಿನ ಆಸಾಮಿ. ನನ್ನ ಶಾಟ್‌ಗನ್ನಿನ ಒಳಗೆ ಬೆರಳಾಡಿಸಿ ಹೊರತೆಗೆದರು, ಬೆರಳು ಕೆಂಪಾಗಿತ್ತು. ಒಂದೇ ವಾರದಲ್ಲಿ ಇಷ್ಟು ತುಕ್ಕು ಹೇಗೆ ಬರಿಸಿದೆ ಎಂದು ಕೇಳಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಬಂದೂಕನ್ನು ಬೋರಲು ಹಾಕಿ ಅಲ್ಲಾಡಿಸಿದರು. ಅವರ ಬೂಟಿನ ಮೇಲೆ ಎರಡು ಹಳದಿ ಅಕ್ಕಿಕಾಳು ಬಿದ್ದವು. ಅವರು ಅಕ್ಕಿಯನ್ನು ನೋಡಿದರು, ನನ್ನನ್ನು ನೋಡಿದರು, ಮತ್ತೆ ಅಕ್ಕಿಯನ್ನು ನೋಡಿದರು. ಅರ್ಧ ಗಂಟೆಯೊಳಗೆ ಸಂಪೂರ್ಣ ಬಿಚ್ಚಿ ಸ್ವಚ್ಛ ಮಾಡಿ ತರಬೇಕು, ಆಗದಿದ್ದರೆ ಮನೆಗೆ ಹೋಗಬಹುದು ಎಂದರು.

ಬಂದೂಕನ್ನು ಪೂರ್ತಿ ಬಿಚ್ಚಲು ನಾನು ಸದಾ ಹೆದರುತ್ತಿದ್ದೆ, ಆ ಕೆಲಸವನ್ನು ಆಂಟಿಯೇ ಮಾಡಿಕೊಡುತ್ತಿದ್ದರು. ಅದೃಷ್ಟಕ್ಕೆ ಅವರು ನನ್ನನ್ನು ಕರೆದುಕೊಂಡು ಬಂದು ಪಾರ್ಕಿಂಗಿನಲ್ಲಿ ಮಿಕ್ಸ್ಚರ್ ತಿನ್ನುತ್ತ ಕೂತಿದ್ದರು. ನಾನು ಓಡಿಹೋಗಿ ಹೇಳಿದಾಗ, ಪರೀಕ್ಷೆ ಕೈತಪ್ಪಿ ಹೋಗುವ ಹೊತ್ತಿನಲ್ಲೂ, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ನಾವು ಮೂತಿಗೆ ಒಂದು ಹೂವಿಡ್ತೀವಿ ಅಷ್ಟೇ ಕಣಮ್ಮ. ನೀನು ಹೊಟ್ಟೆಗೇ ನೈವೇದ್ಯ ಮಾಡಿದ್ದೀಯ!"

ಡಿಕ್ಕಿಯ ಮೇಲೆ ಸೀರೆಯ ತುಂಡು ಹಾಸಿ ಬ್ರಷ್ಷು ಕೊಟ್ಟರು. ತಾವು ಮಾತ್ರ ಕೈ ಕಟ್ಟಿಕೊಂಡು ನಿಂತರು. ನಾನು ಗೋಗರೆದರೂ ಮುಟ್ಟಲಿಲ್ಲ. "ನೀನೇ ಬಿಚ್ಚು. ಒಳಗೇನಿದೆ ಅಂತ ಗೊತ್ತಿಲ್ದೆ ಹೆದರ್ತಾ ಇದ್ದೀಯ." ಒಂದೊಂದೇ ಭಾಗ ತೆಗೆದು ಸೀರೆಯ ಮೇಲೆ ಸಾಲಾಗಿಟ್ಟೆ. ಒಂದು ಸ್ಪ್ರಿಂಗು, ಒಂದು ಬೋಲ್ಟು, ಒಂದು ಕೊಳವೆ, ನಡುನಡುವೆ ನನ್ನ ಅಕ್ಷತೆ... ನೋಡಿದರೆ ನಮ್ಮ ಮನೆಯ ಮಿಕ್ಸರಿಗಿಂತ ಸರಳ. ಉಜ್ಜಿ, ಒರೆಸಿ ಮತ್ತೆ ಜೋಡಿಸುವಾಗ ಆಂಟಿಯ ಮುಖ ನೋಡಬೇಕಾಗಲಿಲ್ಲ.

ಆ ದಿನ ನಾನು ಕಣ್ಣು ಮುಚ್ಚಲಿಲ್ಲ. ಪಾಸಾದೆ. ಶಿಕ್ಷಕರು ಹಾಳೆಗೆ ಸಹಿ ಹಾಕುತ್ತ, ಆ ಅಕ್ಕಿ ಇನ್ನೂ ಇದ್ದರೆ ತಮಗೂ ನಾಲ್ಕು ಕಾಳು ಬೇಕೆಂದರು.

ಪಾರ್ಕಿಂಗಿಗೆ ಓಡಿ ಬಂದು ಹೆಬ್ಬೆರಳು ಎತ್ತಿ ತೋರಿಸಿದೆ. ಆಂಟಿ ಮಿಕ್ಸ್ಚರಿನ ಕಾಗದದ ಚೀಲವನ್ನು ಕೊಡವಿ ಖಾಲಿ ಮಾಡಿ, ಬಾಯಿಗಿಟ್ಟು ಕೆನ್ನೆ ಉಬ್ಬಿಸಿ ಊದಿ, ಅಂಗೈಯಿಂದ ಫಟ್ಟೆಂದು ಹೊಡೆದರು. ದೂರದಲ್ಲಿದ್ದ ನನ್ನ ಇಬ್ಬರು ಸಹಪಾಠಿಗಳು ಬೆಚ್ಚಿ ತಿರುಗಿದರು. "ಒಂದು!" ಎಂದರು ಆಂಟಿ, "ಹೆಣ್ಣುಮಗು." ನಾನು ಅವರನ್ನು ತಬ್ಬಿಕೊಂಡು ಅತ್ತುಬಿಟ್ಟೆ. ಅಷ್ಟು ಸಂತೋಷ ನನಗೆ ಮದುವೆಯ ದಿನವೂ ಆಗಿರಲಿಲ್ಲ, ಇದನ್ನು ನನ್ನ ಗಂಡ ಓದದಿದ್ದರೆ ಒಳ್ಳೆಯದು.

ಆಮೇಲೆ ಡಲ್ಲಾಸ್ ಕಡೆ ಕೆಲಸ ಸಿಕ್ಕಿ ನಾವು ಯೂಲೆಸ್‌ಗೆ ಶಿಫ್ಟ್ ಆದೆವು, ಆಂಟಿ ಆಸ್ಟಿನ್‌ಗೆ ಮಗಳ ಮನೆ ಸೇರಿದರು. ಫೋನ್ ಮಾಡಿದಾಗೆಲ್ಲ ಮೊದಲು ಕೇಳುತ್ತಿದ್ದದ್ದು ಕೋವಿ ಒರೆಸಿದೆಯಾ ಎಂದೇ. ಕೊನೆಯ ಸಲ ನೋಡಲು ಹೋದಾಗ ತುಂಬ ಸೊರಗಿದ್ದರು. "ಈ ಊರಲ್ಲಿ ನನಗೆ ಎರಡು ಹೊಡಿಯೋರು ಯಾರಿದ್ದಾರೆ?" ಎಂದು ನಗುತ್ತ ಕೇಳಿದರು. ನಾನಿದ್ದೀನಲ್ಲ ಆಂಟಿ, ಎಂದೆ. ಆದರೆ ಅವರು ಹೋದ ದಿನ ನಾನು ಡ್ಯೂಟಿಯಲ್ಲಿದ್ದೆ. ಆಸ್ಟಿನ್ ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅವರ ಮಗಳ ಕೈ ಹಿಡಿದು ಕೂತು ವಾಪಸ್ ಬಂದೆ. ಕೊಟ್ಟ ಮಾತು ಹಾಗೆಯೇ ಉಳಿದುಹೋಯಿತು...

ಈಗ ಅಕಾಡೆಮಿಗೆ ಹೊಸದಾಗಿ ಸೇರುವ ಹುಡುಗಿಯರು ಯಾವ ಗನ್ ಕೊಳ್ಳಲಿ ಎಂದು ನನ್ನನ್ನು ಕೇಳುತ್ತಾರೆ. ನಾನು ಅವರ ಅಂಗೈ ಹಿಡಿದು ನೋಡಿ, ಹಳೆಯ ಕೋವಿ ಮಾರುವ ಅಂಗಡಿಗೆ ಕರೆದೊಯ್ಯುತ್ತೇನೆ.

ನಿನ್ನೆ ಸಂಜೆ ಆ ಎರಡು ಚೀಲಗಳನ್ನು ಹಿತ್ತಿಲಿಗೆ ಒಯ್ದೆ. ಒಂದನ್ನು ಊದಿ ಹೊಡೆದೆ. ಇನ್ನೊಂದು ಮಡಿಕೆಯ ಹತ್ತಿರ ಸ್ವಲ್ಪ ಹರಿದಿತ್ತು, ಬೆರಳಿಂದ ಮುಚ್ಚಿ ಹಿಡಿದು ಊದಿ, ಅದನ್ನೂ ಹೊಡೆದೆ. ಎರಡೂ ಜೋರಾಗಿಯೇ ಕೇಳಿಸಿದವು. ಒಂದು ಕ್ಷಣದಲ್ಲಿ ಬೇಲಿಯ ಮೇಲೆ ಪಕ್ಕದ ಮನೆಯವರ ತಲೆ ಕಾಣಿಸಿತು. ಕೈಯಲ್ಲಿ ಇನ್ನೂ ನೀರಿನ ಪೈಪು ಹಿಡಿದುಕೊಂಡೇ ಓಡಿಬಂದಿದ್ದರು, ಏನಾಯಿತು ಎಂದು ಕೇಳಿದರು.

ನಮ್ಮ ಆಂಟಿ ತೀರಿಕೊಂಡರು, ಎಂದೆ.