ಗಾಳಿಗೆ ದಾರಿ ಬಿಟ್ಟ ಮೇಸ್ತ್ರಿ

ಹುಣಸೂರು ಸುತ್ತಮುತ್ತ ಹೊಗೆಸೊಪ್ಪನ್ನು ಬಿಸಿಗಾಳಿಯಲ್ಲಿ ಬೇಯಿಸುವ ಕೋಣೆಗಳಾದ ಬ್ಯಾರನ್‌ಗಳನ್ನು ಕಟ್ಟಿಯೇ ಕೈ ಪಳಗಿದ ಮೇಸ್ತ್ರಿ ಅವರು. ಕಟ್ಟೆಮಳಲವಾಡಿಯಲ್ಲಿ ನಮ್ಮ ಹೊಸ ಮನೆ ಕಟ್ಟಲು ಬಂದವರು, ಜಾಗ ಅಳೆಯುವ ಮೊದಲೇ ಹೆಗಲ ಟವಲನ್ನು ಗಾಳಿಗೆ ಹಿಡಿದು, ಅದು ಹಾರಿದ ದಿಕ್ಕಿಗೆ ತಾವೂ ಓಡಿದರು.

"ಒಳಗ್ ಬಂದಿದ್ದು ಈಚೆಗ್ ಓಗ್ಬೇಕು ಕಣ್ರವ್ವ!" ಅವರದು ಯಾವಾಗಲೂ ಅದೇ ಮಾತು.

ನಡುಮನೆಯಲ್ಲಿ ಗೋಡೆಯ ಬುಡಕ್ಕೊಂದು ಕಿಂಡಿ, ತಣ್ಣನೆ ಗಾಳಿ ಬರಲು. ಎದುರು ಗೋಡೆಯ ನೆತ್ತಿಗೊಂದು, ಬಿಸಿ ಹೋಗಲು. ಸಾಲದೆಂದು, ಬ್ಯಾರನ್ನಿನಲ್ಲಿ ಬೇಯುವಾಗ ಬಾಗಿಲು ತೆಗೆಯದೆಯೇ ಸೊಪ್ಪಿನ ಬಣ್ಣ ಇಣುಕಿ ನೋಡಲು ಇರುವಂಥ ಅಂಗೈಯಗಲದ ಗಾಜನ್ನು ನಮ್ಮ ಮುಂಬಾಗಿಲಿಗೂ ಕೂರಿಸಿಬಿಟ್ಟರು.

ಅವ್ವ ಸಿಡುಕಿದಳು: "ಇದೇನ್ ಮನೇನೋ ಬ್ಯಾರನ್ನೋ? ಗೃಹಪ್ರವೇಶದ ದಿನ ಹೋಮದ ಹೊಗೆ ಒಳಗೇ ನಿಂತ್ರೆ ಎಲ್ಲಾ ಕಿಂಡೀನೂ ಮುಚ್ಚುಸ್ಬುಡ್ತೀನಿ."

"ಆಗ್ಲಿ, ಬಾಗ್ಲು ಆಕ್ಕಂಡೇ ನೋಡ್ರವ್ವ!" ಎಂದರು ಮೇಸ್ತ್ರಿ.

ಆ ದಿನ ನಿಜಕ್ಕೂ ಬಾಗಿಲು ಹಾಕಿದೆವು. ತುಪ್ಪ ಬಿದ್ದು ಹೊಗೆ ಎದ್ದಿತು. ಮಂತ್ರದ ನಡುವೆ ಪುರೋಹಿತರು ಕೆಮ್ಮಿದರು. ನಾವೆಲ್ಲ ಕಣ್ಣುಜ್ಜಿಕೊಳ್ಳುತ್ತ ಮೇಲೆ ನೋಡಿದೆವು. ಸೂರಿನಡಿ ಒಂದು ಗಳಿಗೆ ಸುತ್ತಾಡಿದ ಹೊಗೆ, ಕೊಟ್ಟಿಗೆ ಕಂಡ ದನದ ಹಾಗೆ ಮೇಲಿನ ಕಿಂಡಿಗೆ ನುಗ್ಗಿತು! ಹೆಂಗಸರು ಹೋ ಎಂದರು. ಅವ್ವನಿಗೂ ನಗು ತಡೆಯಲಾಗಲಿಲ್ಲ.

ಮೇಸ್ತ್ರಿ ಮಾತ್ರ ಹೊರಗೇ ನಿಂತು, ಬಾಗಿಲ ಗಾಜಿಗೆ ಮೂಗು ಒತ್ತಿ, ರೆಪ್ಪೆ ಬಡಿಯದೆ ನೋಡುತ್ತಿದ್ದರು.

"ಗೆದ್ರಿ ಕಣ್ರೀ, ಒಳಕ್ ಬನ್ನಿ!" ಎನ್ನುತ್ತ ಅವ್ವ ಚಿಲಕಕ್ಕೆ ಕೈ ಹಾಕಿದಳು.

ಗಾಜಿನಾಚೆ ಮೇಸ್ತ್ರಿ ಎರಡೂ ಕೈ ಆಡಿಸುತ್ತ ಕೂಗಿದರು: "ತೆಗೀಬ್ಯಾಡಿ ಕಣ್ರವ್ವ, ಸೊಪ್ಪೆಲ್ಲ ಕೆಟ್ಟೋಯ್ತದೆ!"